ಕೊಳೆರೋಗದ ಬೀಜಕಗಳ ಚಿತ್ರಸರಣಿಯಲ್ಲಿ ನಾನು ಸಮಯವನ್ನು ಹಿಡಿದ ಬಗೆ

ಕಾಸರಗೋಡಿನ ಕಡೆ ಮಹಾಳಿ ಎಂದೂ ಕರೆಯಲಾಗುವ ಅಡಿಕೆಯ ಕೊಳೆರೋಗಕ್ಕೆ ಫೈಟಾಫ್ತೊರಾ ಕುಲದ ಸೂಕ್ಷ್ಮಜೀವಿ ಕಾರಣ. ಅದರ ಬೀಜಕಚೀಲಗಳನ್ನು ತಣ್ಣನೆಯ ನೀರಿನಲ್ಲಿಟ್ಟು, ಬಳಿಕ ಕೋಣೆಯ ಉಷ್ಣತೆಗೆ ತಂದರೆ, ಒಳಗಿನಿಂದ ಎರಡೆರಡು ಕಶಾಂಗಗಳುಳ್ಳ (ಚಾಟಿಯಂಥ ಈಜುವ ಎಳೆಗಳುಳ್ಳ) ಬೀಜಕಗಳು, ಅಂದರೆ ಜೂಸ್ಪೋರ್‌ಗಳು ಹೊರಬಿದ್ದು ಈಜುತ್ತವೆ; ಸ್ವಲ್ಪ ಹೊತ್ತಿನ ಮೇಲೆ ಕಶಾಂಗ ಕಳಚಿಕೊಂಡು ಗುಂಡಗಾಗಿ ಕೂತು, ಅಂಕುರನಾಳವನ್ನು ಚಾಚುತ್ತವೆ. ಇದು ಬರಿಯ ನೀರಿನಲ್ಲಿ ಯಾವ ವೇಗದಲ್ಲಿ ನಡೆಯುತ್ತದೆ, ತುಸು ಮೈಲುತುತ್ತು (ತಾಮ್ರದ ಸಲ್ಫೇಟ್) ಬೆರೆತ ನೀರಿನಲ್ಲಿ ಹೇಗೆ ತಡೆಗೊಳ್ಳುತ್ತದೆ ಎಂಬುದನ್ನು ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, ಕ್ಯಾಮೆರಾ ಮತ್ತು ಸೂಕ್ಷ್ಮದರ್ಶಕವನ್ನು ನಡೆಸುವ ಮೈಕ್ರೋ-ಮ್ಯಾನೇಜರ್ ತಂತ್ರಾಂಶದಲ್ಲಿ ಚಿತ್ರಿಸುತ್ತಾ ಬಂದಿದ್ದೇನೆ. ತೋಟದ ನೆರೆಯವರು "ಮಾಷ್ಟ್ರೇ, ಮದ್ದು ಬಿಡ್ಲಿಕ್ಕೆ ಇನ್ನೆಷ್ಟು ಹೊತ್ತು ಉಂಟು?" ಎಂದು ಕೇಳುವುದುಂಟು. ಆ ಪ್ರಶ್ನೆಗೆ ಗಾಜಿನ ಪಟ್ಟಿಯ ಮೇಲಿನ ಒಂದು ಹನಿ ಉತ್ತರ ಕೊಡಲಾರದು. ಆದರೆ ಹನಿಯೊಳಗಿನ ಹೊತ್ತನ್ನಾದರೂ ಸರಿಯಾಗಿ ಹೇಳಬೇಕಲ್ಲ.

ಹತ್ತು ಸೆಕೆಂಡಿಗೊಂದು ಚಿತ್ರ ಬೇಕೆಂದು ತಂತ್ರಾಂಶಕ್ಕೆ ತಿಳಿಸುವುದು ಒಂದು ಬೇಡಿಕೆ ಮಾತ್ರ. ಬೆಳಕು ಹಿಡಿಯುವ ಅವಧಿ, ಮಸೂರ ಮೇಲೆ ಕೆಳಗೆ ಸರಿಯುವ ಅವಧಿ, ಕಡತವನ್ನು ಉಳಿಸುವ ಅವಧಿ ಇವೆಲ್ಲ ಸೇರಿ ಹತ್ತು ಸೆಕೆಂಡನ್ನು ಮೀರಿದರೆ, ಯಂತ್ರವು ತನ್ನಿಂದಾದಷ್ಟು ಬೇಗ ತೆಗೆಯುತ್ತದೆಯೇ ಹೊರತು ನಾವು ಹೇಳಿದ ಅಂತರವನ್ನು ಪಾಲಿಸುವುದಿಲ್ಲ. ಆದ್ದರಿಂದ ಚಿತ್ರದ ಕ್ರಮಸಂಖ್ಯೆಯನ್ನು ಅಂತರದಿಂದ ಗುಣಿಸಿ ಸಮಯ ಪಡೆಯುವ ರೂಢಿಯನ್ನು ನಾನು ಇಟ್ಟುಕೊಂಡಿಲ್ಲ. ಮೈಕ್ರೋ-ಮ್ಯಾನೇಜರ್ ಪ್ರತಿ ಚಿತ್ರದ ಜೊತೆಗೂ ಕಳೆದ ಮಿಲಿಸೆಕೆಂಡುಗಳನ್ನು ಬರೆದಿಡುತ್ತದೆ. ಸೂಕ್ಷ್ಮದರ್ಶಕದ ಚಿತ್ರಗಳಿಗೆಂದೇ ಇರುವ ಓಎಂಇ-ಟಿಫ್ ಮಾದರಿಯ ಕಡತದಲ್ಲಿ ಪ್ರತಿ ಚಿತ್ರಕ್ಕೂ ಡೆಲ್ಟಾ-ಟಿ (ಆರಂಭದಿಂದ ಕಳೆದ ಸಮಯ) ಎಂಬ ನಮೂದಿಗೆ ಜಾಗವಿದೆ. ಚಿತ್ರಗಳನ್ನು ಅಳೆಯುವ ಫಿಜಿ ತಂತ್ರಾಂಶದಲ್ಲಿ, ಇಂಥ ಕಡತಗಳನ್ನು ಓದುವ ಬಯೋ-ಫಾರ್ಮ್ಯಾಟ್ಸ್ ಮೂಲಕ ಕಡತ ತೆರೆದು, ಮೆಟಾಡೇಟಾದಿಂದ (ಚಿತ್ರದ ಜೊತೆಗೆ ಉಳಿಯುವ ವಿವರಗಳಿಂದ) ಈ ಅಂಕಿಗಳನ್ನು ಒಂದು ಕೋಷ್ಟಕಕ್ಕೆ ಇಳಿಸಿ, ಮೊದಲು ಅಕ್ಕಪಕ್ಕದ ಅಂತರಗಳನ್ನೇ ನಕ್ಷೆಯಾಗಿ ಬರೆದು ನೋಡುತ್ತೇನೆ. ಗೆರೆ ಮಟ್ಟವಾಗಿದ್ದರೆ ಸಂತೋಷ. ಎಲ್ಲಾದರೂ ಮೇಲಕ್ಕೆ ಹಾರಿದ್ದರೆ ಅಲ್ಲೇನಾಯಿತೆಂದು ಅಳತೆಗೆ ಮೊದಲೇ ತಿಳಿದಿರಬೇಕು.

ಎಷ್ಟು ಏರುಪೇರನ್ನು ಸಹಿಸಬಹುದೆಂಬುದು ನೋಡುವ ವಿಷಯಕ್ಕೆ ತಕ್ಕಂತೆ. ನಿಮಿಷಕ್ಕೊಂದು ಚಿತ್ರ ತೆಗೆದು ಅಂಕುರನಾಳದ ಉದ್ದ ಅಳೆಯುವಾಗ ಅರ್ಧ ಸೆಕೆಂಡಿನ ಹೆಚ್ಚುಕಡಿಮೆಗೆ ತಲೆಕೆಡಿಸಿಕೊಳ್ಳುವುದು ವ್ಯರ್ಥ. ಸರಾಸರಿ ಅಂತರವನ್ನೇ ಫಿಜಿಯ ಪ್ರಾಪರ್ಟೀಸ್‌ನಲ್ಲಿ ಫ್ರೇಮ್ ಇಂಟರ್ವಲ್ ಎಂದು ತುಂಬಿದರೆ ಸಾಕು. ಚೀಲ ಒಡೆದು ಜೂಸ್ಪೋರ್‌ಗಳು ಹೊರಬರುವ ಘಟನೆಗೆ ಆ ಉದಾರತೆ ಸಲ್ಲದು. ಇನ್ನು ಈಜುವ ಜೂಸ್ಪೋರ್ ಸೆಕೆಂಡಿಗೆ ನೂರು ಮೈಕ್ರೋಮೀಟರಿನ ಆಸುಪಾಸು ಚಲಿಸುವುದರಿಂದ, ಹತ್ತು ಸೆಕೆಂಡಿನ ಅಂತರದಲ್ಲಿ ಅದರ ಜಾಡು ಹಿಡಿಯುವ ಮಾತೇ ಇಲ್ಲ. ಅದಕ್ಕೆ ಬೇರೆಯೇ ವೇಗದ ಚಿತ್ರಣ ಬೇಕು.

ಆಷಾಢದ ಮಳೆಗೆ ಕರೆಂಟು ಹೋಗುವುದು ನಮ್ಮಲ್ಲಿ ನಿತ್ಯದ ಸಂಗತಿ. ಕರೆಂಟು ಬಂದ ಮೇಲೆ ಆರಂಭಿಸಿದ ಸರಣಿಯಲ್ಲಿ ಕಳೆದ ಸಮಯ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಎರಡು ತುಂಡುಗಳನ್ನು ಬರಿದೇ ಒಂದರ ಹಿಂದೊಂದು ಜೋಡಿಸಿದರೆ ನಡುವಿನ ಕತ್ತಲೆ ಮಾಯವಾಗಿ, ನಾಳವು ಒಮ್ಮೆಲೇ ಜಿಗಿದು ಬೆಳೆದಂತೆ ಕಾಣುತ್ತದೆ. ಹಾಗಾಗಿ ಪ್ರತಿ ತುಂಡಿನ ಆರಂಭದ ಗಡಿಯಾರದ ಹೊತ್ತಿಗೆ ಅದರೊಳಗಿನ ಕಳೆದ ಸಮಯವನ್ನು ಕೂಡಿಸಿ, ಎಲ್ಲವನ್ನೂ ಒಂದೇ ಕಾಲರೇಖೆಗೆ ತರುತ್ತೇನೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಕೆಲವು ತಂತ್ರಾಂಶಗಳು ಹೊತ್ತನ್ನು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಹೊತ್ತಿನಲ್ಲಿ, ಬರೆಯುತ್ತವೆ. ನಮ್ಮ ಬೆಳಗಿನ ಜಾವ 4 ಗಂಟೆ ಅಲ್ಲಿ ಹಿಂದಿನ ದಿನದ ರಾತ್ರಿ 10.30 ಆಗಿರುವುದರಿಂದ ತಾರೀಖೇ ಬದಲಾಗಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಸೊನ್ನೆ ಎಲ್ಲಿದೆ ಎಂಬ ಪ್ರಶ್ನೆ. ಯಂತ್ರದ ಮಟ್ಟಿಗೆ ಮೊದಲ ಚಿತ್ರವೇ ಸೊನ್ನೆ. ಬೀಜಕಚೀಲದ ಮಟ್ಟಿಗಾದರೋ ತಂಪು ನೀರಿನಿಂದ ಹೊರಬಂದ ಗಳಿಗೆಯೇ ಸೊನ್ನೆ. ಹನಿ ಇಟ್ಟು, ಗಾಜು ಮುಚ್ಚಿ, ಫೋಕಸ್ ಹಿಡಿಯುವಷ್ಟರಲ್ಲಿ ಕಳೆದುಹೋಗುವ ನಿಮಿಷಗಳು ಯಾವ ಮೆಟಾಡೇಟಾದಲ್ಲೂ ಇರುವುದಿಲ್ಲ. ಬರಿಯ ನೀರಿನ ಹನಿಗೆ ಬೇಗ ಫೋಕಸ್ ಸಿಕ್ಕಿ, ಮೈಲುತುತ್ತಿನ ಹನಿಗೆ ತಡವಾಗಿ ಸಿಕ್ಕಿದರೆ, ಆ ವ್ಯತ್ಯಾಸವನ್ನೇ ತಾಮ್ರದ ಪರಿಣಾಮವೆಂದು ಓದುವ ಅಪಾಯವಿದೆ. ಆದ್ದರಿಂದ ಹನಿ ಇಡುವಾಗಲೇ ಆ ಕಂಪ್ಯೂಟರಿನ ಗಡಿಯಾರವನ್ನೇ ನೋಡಿ ಹೊತ್ತು ಬರೆದುಕೊಳ್ಳುತ್ತೇನೆ. ಕೈಗಡಿಯಾರ ಬೇಡ, ಮೊಬೈಲೂ ಬೇಡ. ಕೋಣೆಯ ಉಷ್ಣತೆಯೂ ಅದೇ ಸಾಲಿನಲ್ಲಿರುತ್ತದೆ.

ಬಿಡಿಬಿಡಿಯಾಗಿ ಉಳಿಸಿದ ಟಿಫ್ ಚಿತ್ರಗಳನ್ನು ಸರಣಿಯೆಂದು ತೆರೆದರೆ ಫಿಜಿ ಅವನ್ನು ಕಾಲದ ಹಂತಗಳೆಂದು ತಿಳಿಯದೆ ಆಳದ ಪದರಗಳೆಂದು ಎಣಿಸುತ್ತದೆ. ಪ್ರಾಪರ್ಟೀಸ್‌ನಲ್ಲಿ ಸ್ಲೈಸ್ (ಆಳದ ಪದರ) ಒಂದು, ಫ್ರೇಮ್ (ಕಾಲದ ಹಂತ) ಒಟ್ಟು ಚಿತ್ರಗಳಷ್ಟು ಎಂದು ತಿದ್ದಬೇಕು. ಚಿತ್ರಗಳ ಮೇಲೆ ಹೊತ್ತನ್ನು ಮುದ್ರಿಸುವ ಫಿಜಿಯ ಟೈಮ್ ಸ್ಟ್ಯಾಂಪರ್ ಆರಂಭ ಮತ್ತು ಸಮ ಅಂತರವನ್ನಷ್ಟೇ ಬಲ್ಲದು. ಕರೆಂಟು ಹೋಗಿದ್ದ ಸರಣಿಯ ಮೇಲೆ ಅದು ಒತ್ತುವ ಹೊತ್ತು ಸುಳ್ಳಾಗುತ್ತದೆ. ಅಂಥಲ್ಲಿ ಸಣ್ಣದೊಂದು ಮ್ಯಾಕ್ರೋ (ತಂತ್ರಾಂಶಕ್ಕೆ ಕೊಡುವ ಆಜ್ಞೆಗಳ ಪಟ್ಟಿ) ಬರೆದು, ಕೋಷ್ಟಕದ ನಿಜವಾದ ಸಮಯವನ್ನು ಪ್ರತಿ ಚಿತ್ರದ ಲೇಬಲ್ಲಿಗೆ ಹಾಕಿ, ಸರಣಿಯ ನಕಲಿನ ಮೇಲೆ ಮಾತ್ರ ಅದನ್ನು ಮುದ್ರಿಸುತ್ತೇನೆ. ಮೂಲದ ಪಿಕ್ಸೆಲ್ಲುಗಳನ್ನು ಮುಟ್ಟುವುದಿಲ್ಲ. ನಾಳದ ಬೆಳವಣಿಗೆಯ ದರವನ್ನೂ ಈ ಸಮಯದ ಎದುರು ಉದ್ದವನ್ನಿಟ್ಟು, ಸರಳರೇಖೆಯ ಇಳಿಜಾರಿನಿಂದಲೇ ಪಡೆಯುತ್ತೇನೆ. ಒಂದು ಗೆರೆಯ ಮೇಲಿನ ಬದಲಾವಣೆಯನ್ನು ಕಾಲದ ಎದುರು ಒಂದೇ ಚಿತ್ರವಾಗಿ ತೋರಿಸುವ ಕೈಮೊಗ್ರಾಫ್ ಸಮ ಅಂತರವನ್ನು ನಂಬಿಕೊಂಡಿರುವುದರಿಂದ ತುಂಡಾದ ಸರಣಿಗೆ ಅದನ್ನು ಬಳಸುವುದಿಲ್ಲ.

ಕಡತದ ತಾರೀಖನ್ನು ಸಮಯವೆಂದು ಬಳಸಲು ವಿದ್ಯಾರ್ಥಿಗಳು ಬಯಸುತ್ತಾರೆ. ಫ್ಯಾಟ್ ಎಂಬ ಹಳೆಯ ಕಡತವ್ಯವಸ್ಥೆಯ ಪೆನ್‌ಡ್ರೈವಿನಲ್ಲಿ ಕಡತ ಬದಲಾದ ಹೊತ್ತು ಎರಡು ಸೆಕೆಂಡಿನ ಹೆಜ್ಜೆಗಳಲ್ಲಷ್ಟೇ ಉಳಿಯುತ್ತದೆ, ಅದೂ ಉಳಿಸಿ ಮುಗಿದ ಹೊತ್ತು, ಬೆಳಕು ಹಿಡಿದ ಹೊತ್ತಲ್ಲ. ಬೇರೆ ದಾರಿಯೇ ಇಲ್ಲದ ಹಳೆಯ ಸರಣಿಗಳಿಗೆ ಅದನ್ನು ಒಪ್ಪುತ್ತೇನೆ. ಆಗ ಕೋಷ್ಟಕದಲ್ಲಿ ಸಮಯದ ಮೂಲ ಯಾವುದೆಂದು ಹೇಳುವ ಒಂದು ಕಂಬಸಾಲನ್ನು ಕಡ್ಡಾಯವಾಗಿ ಸೇರಿಸುತ್ತೇನೆ.