ಐದು ಸಾವಿರ ಕದಿರಿಗೆ ಒಂದೇ ವರಿ

ಊಟದ ಅಕ್ಕಿಗೆ ಬೆಳೆದ ಗದ್ದೆಯಲ್ಲಿ ನಾಲ್ಕು ವರಿ, ಅಂದರೆ ಭತ್ತದಂತೆಯೇ ಕಾಣುವ ಕಳೆ, ನಿಂತರೆ ಯಾರೂ ಕೇಳುವುದಿಲ್ಲ. ಬೀಜಕ್ಕೆಂದು ನೋಂದಾಯಿಸಿದ ಗದ್ದೆಯಲ್ಲಿ ಅದೇ ನಾಲ್ಕು ನಿಂತರೆ ಇಡೀ ಗದ್ದೆಯ ಭತ್ತ ಮಿಲ್ಲಿಗೆ ಹೋಗಬೇಕಾದೀತು. ಮಲಯಾಳದಲ್ಲಿ ವರಿನೆಲ್ಲು, ಪುಸ್ತಕದ ಕನ್ನಡದಲ್ಲಿ ಕಾಡುಭತ್ತ ಅಥವಾ ಕಳೆಭತ್ತ. ಕೃಷಿಭವನದವರ ಬಾಯಲ್ಲಿ ಕೇಳಿ ಕೇಳಿ ಕಾಸರಗೋಡಿನ ಕನ್ನಡದವರಾದ ನಮಗೂ ಅದು ವರಿಯೇ ಆಗಿದೆ.

1966ರ ಬೀಜ ಕಾಯ್ದೆಯಂತೆ ಬೀಜಕ್ಕೆ ಪ್ರಮಾಣಪತ್ರ ಕೊಡುವಾಗ ಅನುಸರಿಸುವ ಕನಿಷ್ಠ ಮಾನದಂಡಗಳಲ್ಲಿ ಬೆಳೆವಾರು ಕೆಲವು ಕಳೆಗಳಿಗೆ ಆಕ್ಷೇಪಾರ್ಹ ಕಳೆ ಎಂಬ ಪ್ರತ್ಯೇಕ ಪಟ್ಟ ಇದೆ. ಸಾಸಿವೆಗೆ ಅರಿಶಿನ ಉಮ್ಮತ್ತಿ, ಲೂಸರ್ನ್ ಮೇವಿಗೆ ಕಸ್ಕ್ಯೂಟಾ, ಭತ್ತಕ್ಕೆ ಕಾಡುಭತ್ತ. ಗದ್ದೆಯ ಇನ್ನೊಂದು ಕಳೆ ಕವಡ ಹುಲ್ಲು ಎಷ್ಟೇ ಕಾಟ ಕೊಟ್ಟರೂ ಅದರ ಬೀಜ ಸಣ್ಣದು, ಜರಡಿಯಲ್ಲಿ ಕೆಳಗೆ ಬೀಳುತ್ತದೆ. ವರಿಯ ಕಾಳು ಉದ್ದ, ದಪ್ಪ, ತೂಕ ಎಲ್ಲದರಲ್ಲೂ ಭತ್ತವೇ. ಒಮ್ಮೆ ಬೆರೆತರೆ ಯಾವ ಯಂತ್ರಕ್ಕೂ ಬೇರೆ ಮಾಡಲು ಬಾರದು.

ಪ್ರಮಾಣಿತ ಬೀಜದ ಗದ್ದೆಯಲ್ಲಿ ವರಿ ಶೇ. 0.02 ಮೀರಬಾರದು, ಆ ಪ್ರಮಾಣಿತ ಬೀಜ ಬೆಳೆಯಲು ಬಿತ್ತುವ ಫೌಂಡೇಶನ್ ಬೀಜದ ಗದ್ದೆಯಲ್ಲಿ ಶೇ. 0.01. ಈ ಲೆಕ್ಕವನ್ನು ಗದ್ದೆಗೆ ಇಳಿಸಿ ನೋಡಬೇಕು. ಐದು ಎಕರೆಯವರೆಗಿನ ಗದ್ದೆಯಲ್ಲಿ ತಪಾಸಣೆಗೆ ಬಂದವರು ಐದು ಕಡೆ ನಿಂತು ಒಂದೊಂದು ಕಡೆ ಸಾವಿರ ಕದಿರು ಎಣಿಸುತ್ತಾರೆ. ಒಟ್ಟು ಐದು ಸಾವಿರ. ಅದರಲ್ಲಿ ಒಂದು ವರಿ ಸಿಕ್ಕಿದರೆ ಸರಿಯಾಗಿ 0.02, ಪಾಸ್. ಎರಡು ಸಿಕ್ಕಿದರೆ ಎರಡನೇ ಸುತ್ತು ಎಣಿಕೆ. ಮಿತಿಯ ಎರಡು ಪಟ್ಟು ದಾಟಿದರೆ, ಅಂದರೆ ಮೂರನೆಯದು ಸಿಕ್ಕಿದರೆ, ಮತ್ತೆ ಎಣಿಸುವ ಅಗತ್ಯವೂ ಅವರಿಗಿಲ್ಲ. ಹೂ ಬಿಡುವಲ್ಲಿಂದ ಕೊಯ್ಲಿನವರೆಗೆ ಇಂಥ ತಪಾಸಣೆ ಕಡಿಮೆಯೆಂದರೂ ಎರಡು.

ಚೀಲದ ಲೆಕ್ಕ ಬೇರೆ. ಪ್ರಮಾಣಿತ ಬೀಜದಲ್ಲಿ ಕಿಲೋಗೆ 5 ವರಿಕಾಳಿನವರೆಗೆ ಮಾಫಿ, ಫೌಂಡೇಶನ್‌ನಲ್ಲಿ 2. ಎಕರೆಗೆ 30 ಕಿಲೋ ಫೌಂಡೇಶನ್ ಬೀಜ ಬಿತ್ತಿದರೆ ಬಿಳಿ ಟ್ಯಾಗಿನ ಚೀಲದಿಂದಲೇ ಕಾನೂನುಬದ್ಧವಾಗಿ 60 ವರಿ ಗದ್ದೆಗೆ ಇಳಿಯಬಹುದು! ಹಾಗಾಗಿ ಟ್ಯಾಗ್ ನೋಡಿ ನಿಶ್ಚಿಂತೆಯಾಗಿ ಕೂರುವ ಹಾಗಿಲ್ಲ. ಟ್ಯಾಗ್, ಚೀಲ, ಬಿಲ್ ಮೂರನ್ನೂ ಜೋಪಾನ ಮಾಡಬೇಕು, ಬೀಜದ ಮೂಲ ತೋರಿಸದೆ ನೋಂದಣಿ ಮುಂದೆ ಹೋಗುವುದಿಲ್ಲ.

ಜ್ಯೋತಿಯಂಥ ಕೆಂಪಕ್ಕಿ ತಳಿಯಲ್ಲಿ ಇನ್ನೊಂದು ತೊಡಕಿದೆ. ಬಿಳಿ ಅಕ್ಕಿಯ ತಳಿಯಾದರೆ ಒಂದು ಹಿಡಿ ಭತ್ತದ ಸಿಪ್ಪೆ ಸುಲಿದು ನೋಡಿದರೆ ಸಾಕು, ವರಿ ಕೆಂಪಗೆ ಎದ್ದು ಕಾಣುತ್ತದೆ. ಜ್ಯೋತಿ ತಾನೇ ಕೆಂಪು. ಹಾಗಾಗಿ ನನ್ನ ಪರೀಕ್ಷೆ ಸಿಪ್ಪೆಯ ಮೇಲೆಯೇ. ಬಿತ್ತುವ ಮೊದಲು ಒಂದು ಕಿಲೋ, ಅಂದರೆ ಸುಮಾರು 36 ಸಾವಿರ ಕಾಳು, ಬಿಳಿ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಬೆಳಗಿನ ಬೆಳಕಿನಲ್ಲಿ ನೋಡುತ್ತೇನೆ. ತುದಿಯಲ್ಲಿ ಮೀಸೆ ಇರುವುದು, ಸಿಪ್ಪೆ ಕಪ್ಪು ಕಂದು ಇರುವುದು ಸಿಗುತ್ತದೆ. ಮೀಸೆಯಿಲ್ಲದ ಹುಲ್ಲುಬಣ್ಣದ ವರಿ ತಪ್ಪಿಸಿಕೊಳ್ಳುತ್ತದೆ. ಉಪ್ಪುನೀರಲ್ಲಿ ಹಾಕಿದರೆ ವರಿ ತೇಲುತ್ತದೆ ಎನ್ನುವವರಿದ್ದಾರೆ. ತೇಲುವುದು ಜೊಳ್ಳು ಮಾತ್ರ, ತುಂಬಿದ ವರಿ ತುಂಬಿದ ಭತ್ತದ ಜೊತೆಗೇ ಮುಳುಗುತ್ತದೆ.

ಬೀಜಕ್ಕಿಂತ ದೊಡ್ಡ ಸಾಲ ಮಣ್ಣಿನಲ್ಲಿರುತ್ತದೆ. ಉದುರಿದ ವರಿಗೆ ಸುಪ್ತಾವಸ್ಥೆ ಇದೆ, ಎಲ್ಲವೂ ಒಂದೇ ವರ್ಷ ಮೊಳೆಯುವುದಿಲ್ಲ. ಮೇ ತಿಂಗಳ ಮಳೆ ನೆಲ ನೆನೆಸಿದ ಕೂಡಲೇ ಒಮ್ಮೆ ತೆಳುವಾಗಿ ಉತ್ತು ಬಿಡುತ್ತೇನೆ. ಎರಡು ಮೂರು ವಾರದಲ್ಲಿ ಮೇಲಿನ ಪದರದ ವರಿ ಹಸುರಾಗಿ ಎದ್ದು ಬರುತ್ತದೆ. ಆಗ ನೀರು ಕಟ್ಟಿ ಪಡ್ಲರ್ ಹೊಡೆದು ಕೆಸರಿಗೆ ತುಳಿದುಬಿಡುವುದು. ಮಳೆ ತಡವಾದರೆ ತೋಡಿನ ನೀರು ಹಾಯಿಸಿಯಾದರೂ ಈ ಒಂದು ಸುತ್ತು ಮಾಡದೆ ಬಿಡುವುದಿಲ್ಲ. ಸ್ವಲ್ಪ ಎತ್ತರದ ಮಜಲುಗದ್ದೆಯಲ್ಲಿ ನೀರು ನಿಲ್ಲದೆ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಬೀಜಕ್ಕೆ ತಗ್ಗಿನ ಬೈಲುಗದ್ದೆಯೇ ಆಗಬೇಕು ಎನ್ನಲು ಇದೂ ಒಂದು ಕಾರಣ.

ನೇರ ಬಿತ್ತನೆ ಬೀಜದ ಗದ್ದೆಗೆ ಹೇಳಿದ್ದಲ್ಲ. ನೇಜಿ (ಭತ್ತದ ಸಸಿ) ನೆಡುವುದೇ, ಅದೂ ಹಗ್ಗ ಹಿಡಿದು, ಸಾಲಿನಿಂದ ಸಾಲಿಗೆ 20 ಸೆಂ.ಮೀ. ಸಾಲಿನ ನಡುವೆ ಎದ್ದದ್ದು ನೆಟ್ಟದ್ದಲ್ಲ ಎಂದು ಎಳವೆಯಲ್ಲೇ ಗೊತ್ತಾಗುತ್ತದೆ, ಕೀಳುವವರಿಗೆ ಅನುಮಾನವೇ ಬೇಡ. ಪಕ್ಕದ ಗದ್ದೆಯ ಬೇರೆ ತಳಿಗೂ ನಮಗೂ ನಡುವೆ 3 ಮೀಟರ್ ಅಂತರ ನಿಯಮ. ಪ್ರತಿ ಎಂಟು ಹತ್ತು ಸಾಲಿಗೆ ಒಂದು ಸಾಲು ಖಾಲಿ ಬಿಡುವುದು ನನ್ನದೇ ನಿಯಮ, ನಡೆಯಲು ದಾರಿಯಿಲ್ಲದೆ ವರಿ ಹುಡುಕಲಾಗದು.

ಮೂರು ಸುತ್ತು ಕೀಳುತ್ತೇವೆ. ಮೊದಲನೆಯದು ತೆಂಡೆ (ಬುಡದ ಮರಿಗಳು) ಒಡೆಯುವಾಗ: ಸಾಲು ಬಿಟ್ಟು ನಿಂತದ್ದು, ಎಲೆ ಸ್ವಲ್ಪ ಪೇಲವವಾದದ್ದು, ಉಳಿದವಕ್ಕಿಂತ ತಲೆ ಎತ್ತಿದ್ದು. ಎರಡನೆಯದೇ ಮುಖ್ಯ. ವರಿ ಸಾಮಾನ್ಯವಾಗಿ ಬೆಳೆಗಿಂತ ಮುಂಚೆ ಕದಿರು ಹಾಕುತ್ತದೆ. ಜ್ಯೋತಿ ಇನ್ನೂ ಹೊಡೆಯಲ್ಲಿರುವಾಗ ಅಲ್ಲೊಂದು ಇಲ್ಲೊಂದು ಕದಿರು ಹೊರಗೆ ಕಂಡರೆ ಅದನ್ನು ಬಿಡಬಾರದು. ಆ ಕೆಲವು ದಿನ ದಿನಾ ಬೆಳಿಗ್ಗೆ ಸೂರ್ಯನಿಗೆ ಮುಖಮಾಡಿ ನಡೆದರೆ ಮೀಸೆಗಳು ಹೊಳೆದು ದೂರದಿಂದಲೇ ಕಾಣುತ್ತವೆ. ಮೂರನೆಯದು ಹಾಲು ತುಂಬಿದ ಮೇಲೆ. ಅನುಮಾನದ ಕದಿರಿನ ಕೆಳಗೆ ಅಂಗೈ ಒಡ್ಡಿ, ತುದಿಯಿಂದ ಬುಡಕ್ಕೆ ಬೆರಳಲ್ಲಿ ಹಗುರವಾಗಿ ಸವರುತ್ತೇನೆ. ಜ್ಯೋತಿಯ ಕಾಳು ಜಗ್ಗದೆ ನಿಲ್ಲುತ್ತದೆ, ವರಿಯದು ತುದಿಯಿಂದಲೇ ಕಳಚಿ ಅಂಗೈಗೆ ಬೀಳುತ್ತದೆ, ಪೂರ್ತಿ ಹಣ್ಣಾಗುವ ಮೊದಲೇ.

ಈ ಹಂತದಲ್ಲಿ ಸುಮ್ಮನೆ ಎಳೆದರೆ ಅರ್ಧ ಕಾಳು ಅಲ್ಲೇ ಉದುರೀತು. ಮೊದಲು ಪ್ಲಾಸ್ಟಿಕ್ ತೊಟ್ಟೆ ಕದಿರಿಗೆ ತೊಡಿಸಿ, ಕುತ್ತಿಗೆ ಹಿಡಿದು, ಆಮೇಲೆ ಬುಡಸಮೇತ ಕೀಳಬೇಕು. ಕದಿರು ಮಾತ್ರ ಕೊಯ್ದರೆ ಉಳಿದ ತೆಂಡೆ ಎರಡನೇ ತಪಾಸಣೆಯ ಹೊತ್ತಿಗೆ ಸರಿಯಾಗಿ ಕದಿರು ಹಾಕುತ್ತದೆ. ಕಿತ್ತದ್ದನ್ನು ಕಟ್ಟಪುಣಿಯ (ಗದ್ದೆಯ ಬದುವಿನ) ಮೇಲೆ ಎಸೆಯುವುದೂ ಹಟ್ಟಿಗೆ ಹಾಕುವುದೂ ಬೇಡ, ಸೆಗಣಿಯ ಜೊತೆ ಒಂದಿಷ್ಟು ಜೀವಂತ ಕಾಳು ಗದ್ದೆಗೇ ಮರಳುತ್ತದೆ. ಒಣಗಿಸಿ ಸುಡುವುದೇ ಸರಿ. ಎತ್ತರದ ವರಿಯ ಕದಿರಿಗೆ ಮಾತ್ರ ಕಳೆನಾಶಕ ಸವರುವ ಸಾಧನವನ್ನು ಕೇರಳ ಕೃಷಿ ವಿಶ್ವವಿದ್ಯಾಲಯ ಮಾಡಿದೆ, ಅಕ್ಕಿಯ ಗದ್ದೆಗೆ ಒಳ್ಳೆಯದು. ಬೀಜದ ಗದ್ದೆಗೆ ನಾನು ಬಳಸುವುದಿಲ್ಲ, ಬೆಳೆಯ ಮಟ್ಟದಲ್ಲೇ ಇರುವ ಗಿಡ್ಡ ಕದಿರು ಅದಕ್ಕೆ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿದ ಗದ್ದೆಯನ್ನು ಒಂದು ಗಂಟೆಯಲ್ಲಿ ಕೆಡಿಸುವುದು ಕೊಯ್ಲಿನ ಯಂತ್ರ. ಹಿಂದಿನ ಊರಿನ ವರಿ ಅದರ ಟ್ಯಾಂಕಿನಲ್ಲೂ ಎಲಿವೇಟರಿನ ಮೂಲೆಯಲ್ಲೂ ಕೂತಿರುತ್ತದೆ. ಗದ್ದೆಗೆ ಇಳಿಸುವ ಮೊದಲು ರಸ್ತೆಯಲ್ಲೇ ಮುಚ್ಚಳ ತೆಗೆಸಿ, ಖಾಲಿ ಓಡಿಸಿ, ಬ್ಲೋವರಿನಿಂದ ಊದಿಸಬೇಕು. ಡ್ರೈವರ್ ಬಾಡಿಗೆಯ ಗಂಟೆ ಲೆಕ್ಕ ಹಾಕುತ್ತಾನೆ, ಆ ಅರ್ಧ ಗಂಟೆಯ ದುಡ್ಡು ನಾನೇ ಕೊಡುತ್ತೇನೆ. ಮೊದಲು ಬರುವ ಎರಡು ಮೂರು ಚೀಲ ಬೀಜಕ್ಕೆ ಸೇರಿಸುವುದಿಲ್ಲ, ಅದು ಮನೆಯ ಅಕ್ಕಿಗೆ. ಒಣಗಿಸಲು ಹೊಸ ಟಾರ್ಪಾಲು, ಸೆಗಣಿ ಸಾರಿಸಿದ ಅಂಗಳದ ಬಿರುಕಿನಲ್ಲಿ ಹಳೆಯ ಭತ್ತ ಇದ್ದೇ ಇರುತ್ತದೆ. ತೇವ ಶೇ. 13ಕ್ಕೆ ಇಳಿಯಬೇಕು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಧ್ಯಾಹ್ನದ ಗುಡುಗುಮಳೆಗೆ ಇದು ಸುಲಭವಲ್ಲ.

ಲ್ಯಾಬಿನಲ್ಲಿ ವರಿಕಾಳು ಕಿಲೋಗೆ 5 ದಾಟಿದರೆ ಪ್ರಮಾಣಿತ ಬೀಜದ ನೀಲಿ ಟ್ಯಾಗ್ ಇಲ್ಲ. ಆಗ ನೆರೆಯವರು ಕೇಳಿಕೊಂಡು ಬರುತ್ತಾರೆ, ಬೀಜಕ್ಕೆ ನಮಗೆ ಕೊಡಿ ಅಂತ. ತಾನು ಬೆಳೆದ ಬೀಜವನ್ನು ರೈತ ತನ್ನ ಜಾಗದಲ್ಲೇ ನೇರವಾಗಿ ಇನ್ನೊಬ್ಬರಿಗೆ ಬಿತ್ತಲು ಕೊಟ್ಟರೆ ಕಾಯ್ದೆಯ 24ನೇ ಕಲಮಿನಂತೆ ತಡೆಯಿಲ್ಲ. ಬೈಲಿನಿಂದ ಬೈಲಿಗೆ ವರಿ ದಾಟುವುದು ಬಹುತೇಕ ಈ ದಾರಿಯಲ್ಲೇ. ಫೇಲಾದ ಭತ್ತವನ್ನು ನಾನು ಕುಚ್ಚಲಕ್ಕಿ ಮಾಡಿಸಿಬಿಡುತ್ತೇನೆ. ಬೇಯಿಸಿದ ಭತ್ತ ಮೊಳೆಯುವುದಿಲ್ಲ.

ಕೊಯ್ಲಾದ ಗದ್ದೆಯನ್ನು ಕೂಡಲೇ ಉಳುವುದಿಲ್ಲ. ಉಳುಮೆ ಮಾಡಿದರೆ ಉದುರಿದ ವರಿ ಮಣ್ಣಿನಡಿ ಸೇರಿ ವರ್ಷಗಟ್ಟಲೆ ಮಲಗುತ್ತದೆ. ಕೂಳೆಯ ನಡುವೆ ಮೇಲೆಯೇ ಬಿದ್ದಿದ್ದರೆ ಒಂದಿಷ್ಟು ಗುಬ್ಬಿ, ಇಲಿಗಳ ಪಾಲು, ಒಂದಿಷ್ಟು ಅಕಾಲ ಮಳೆಗೆ ಮೊಳೆತು ಒಣಗುತ್ತದೆ. ಸುಗ್ಗಿ ಬೆಳೆ, ಅಂದರೆ ಎರಡನೇ ಬೆಳೆ, ತೆಗೆಯುವ ಗದ್ದೆಯಲ್ಲಿ ಇಷ್ಟು ಕಾಯಲು ಪುರುಸೊತ್ತಿಲ್ಲ, ಅದಕ್ಕೇ ಬೀಜದ ಗದ್ದೆಗೆ ಸುಗ್ಗಿಯಲ್ಲಿ ಭತ್ತ ಬಿಟ್ಟು ಉದ್ದು ಅಥವಾ ತರಕಾರಿ.