ಮಾರ್ವೆಲ್‌ನ 13 ಡೆನಿಸ್: ಪೂರ್ತಿ ಸೆಟ್ ಕೂಡಿಸುವುದು ಹೇಗೆ?

ಹ್ಯಾಂಕ್ ಕೆಚಮ್ ಸೃಷ್ಟಿಸಿದ ತುಂಟ ಡೆನಿಸ್‌ನ ಕಾಮಿಕ್ ಪುಸ್ತಕಗಳು ಅಮೆರಿಕದಲ್ಲಿ 1953ರಿಂದಲೇ ಬರುತ್ತಿದ್ದವು. ಮಾರ್ವೆಲ್ ಸಂಸ್ಥೆ ‘ಡೆನಿಸ್ ದ ಮೆನೇಸ್’ ಹೊರತಂದದ್ದು ಮಾತ್ರ 1981ರ ನವೆಂಬರ್‌ನಿಂದ 1982ರ ನವೆಂಬರ್‌ವರೆಗೆ. ಒಟ್ಟು 13 ಸಂಚಿಕೆ. ಇಷ್ಟು ಚಿಕ್ಕ ಸರಣಿಯನ್ನು ಪೂರ್ತಿ ಮಾಡಬಹುದು, ಸರಿಯಾದ ಪ್ರತಿಯನ್ನು ಗುರುತಿಸಲು ಗೊತ್ತಿದ್ದರೆ.

ಹೆಸರನ್ನಷ್ಟೇ ನೋಡಿ ಕೊಳ್ಳಬೇಡಿ. ಬ್ರಿಟನ್ನಿನ ‘ಬೀನೋ’ ವಾರಪತ್ರಿಕೆಯಲ್ಲೂ ಇದೇ ಹೆಸರಿನ ಹುಡುಗನಿದ್ದಾನೆ. ಇಬ್ಬರೂ ಕಾಣಿಸಿಕೊಂಡದ್ದು 1951ರ ಮಾರ್ಚ್‌ನಲ್ಲೇ, ಆದರೆ ಒಬ್ಬರಿಗೊಬ್ಬರು ಸಂಬಂಧವಿಲ್ಲ. ಕೆದರಿದ ಕಪ್ಪು ಕೂದಲಿನವನು ಬ್ರಿಟನ್ನಿನವನು. ಹೊಂಬಣ್ಣದ ಕೂದಲು, ಕೆಂಪು ಡಂಗರಿಯವನು ನಮಗೆ ಬೇಕಾದವನು. ಇನ್ನೊಂದು ತೊಡಕೂ ಇದೆ. ಹಳೆಯ ಸರಣಿ 1979ರವರೆಗೆ 166 ಸಂಚಿಕೆ ಕಂಡಿತ್ತು, ಹಾಗಾಗಿ ‘5ನೇ ಸಂಚಿಕೆ’ ಎಂದರೆ ಯಾವುದೂ ಆಗಬಹುದು. ಮುಖಪುಟದಲ್ಲಿ ಮಾರ್ವೆಲ್ ಹೆಸರು, ಒಳಗೆ ಮೊದಲ ಪುಟದ ಕೆಳಗಿನ ಸಣ್ಣಕ್ಷರದಲ್ಲಿ ವರ್ಷ, ಎರಡರ ಫೋಟೊ ತರಿಸಿಕೊಂಡೇ ಹಣ ಕೊಡಿ.

ಬಿಡಿಬಿಡಿಯಾಗಿ ಕೊಂಡರೆ ಪುಸ್ತಕಕ್ಕಿಂತ ಅಂಚೆ ವೆಚ್ಚವೇ ಹೆಚ್ಚಾಗುತ್ತದೆ. ಮೊದಲು ನಾಲ್ಕಾರು ಸಂಚಿಕೆಗಳ ಕಟ್ಟು ಕೊಂಡು, ಉಳಿದವನ್ನು ಒಂದೊಂದಾಗಿ ಹುಡುಕಿ.

ಮಕ್ಕಳ ಕೈಯಲ್ಲಿ ಓಡಾಡಿದ ಪುಸ್ತಕಗಳಿವು. ಜಾಹೀರಾತಿನ ಕೂಪನ್ ಕತ್ತರಿಸಿರುತ್ತಾರೆ, ಆಗ ಅದರ ಹಿಂಬದಿಯ ಕಥೆಯೂ ಹೋಗಿರುತ್ತದೆ. ನಡುವಿನ ಹಾಳೆ ಪಿನ್ನಿನಿಂದ ಕಳಚಿ ಬಿದ್ದಿರುವುದೂ ಸಾಮಾನ್ಯ. ಮುಖಪುಟ ಬಿಟ್ಟು 32 ಪುಟ ಇರಲೇಬೇಕು, ಎಣಿಸಿಸಿ. ಸೆಲ್ಲೋಟೇಪ್ ಹಚ್ಚಿದ ಪ್ರತಿ ಬೇಡ, ಅದರ ಅಂಟು ಕಾಗದವನ್ನು ಶಾಶ್ವತವಾಗಿ ಕಂದಾಗಿಸುತ್ತದೆ.

1982ರಲ್ಲೇ ಬಂದ ಚಿಕ್ಕ ಗಾತ್ರದ ಮೂರು ಡೈಜೆಸ್ಟ್‌ಗಳನ್ನೂ ಪಟ್ಟಿಗೆ ಸೇರಿಸಿ. ಮೊದಲನೆಯದರ ಕೆಲವು ಪ್ರತಿಗಳ ಮುಖಪುಟದಲ್ಲಿ ಮಾರ್ವೆಲ್ ಬದಲು ಪ್ರತಿಸ್ಪರ್ಧಿ ಡಿಸಿಯ ಲಾಂಛನ ತಪ್ಪಾಗಿ ಅಚ್ಚಾಗಿದೆ! ಸಂಗ್ರಾಹಕರು ಕಣ್ಣಿಟ್ಟು ಹುಡುಕುವುದು ಇದನ್ನೇ. ಡೈಜೆಸ್ಟ್‌ನ ಬೆನ್ನು ಅಂಟಿನದು. ಪೂರ್ತಿ ಬಿಚ್ಚಿ ಹಿಡಿದರೆ ಬಿರುಕು ಬಿಡುತ್ತದೆ.

ಕಾಗದ ಅಗ್ಗದ ನ್ಯೂಸ್‌ಪ್ರಿಂಟ್, ಬೆಳಕು ತಾಗಿದರೆ ಹಳದಿಯಾಗುತ್ತದೆ. ಒಂದೊಂದನ್ನೂ ಸುಮಾರು 7⅛ × 10½ ಇಂಚಿನ ಪಾಲಿಪ್ರೊಪಿಲೀನ್ ಚೀಲದಲ್ಲಿ, ಆಮ್ಲರಹಿತ ರಟ್ಟಿನ ಆಸರೆ ಕೊಟ್ಟು, ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿದು ಕಾಗದವನ್ನೂ ತಿನ್ನುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ನುಸಿಗುಳಿಗೆ ಮಾತ್ರ ಹಾಕಬೇಡಿ, ಆ ವಾಸನೆ ಕಾಗದಕ್ಕೆ ಹಿಡಿದರೆ ಬಿಡುವುದಿಲ್ಲ.