ಹುಲ್ಲುಗಾವಲಿನಲ್ಲಿ ಒಂದು ಬಾಚಣಿಗೆ: ತರಗತಿಯಲ್ಲಿ ನಾನು ನಡೆಸಿದ ನೆನಪಿನ ಪ್ರಯೋಗ

ಪದವಿ ತರಗತಿಗಳಿಗೆ ಮನಶ್ಶಾಸ್ತ್ರ ಕಲಿಸುವ ನನಗೆ ನೆನಪಿನ ಪಾಠವನ್ನು ಬರೀ ಟಿಪ್ಪಣಿ ಬರೆಸಿ ಮುಗಿಸಲು ಮನಸ್ಸು ಒಪ್ಪುವುದಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೇಮ್ಸ್ ನೈರ್ನ್ ಅವರು ಸಾರಾ ಥಾಂಪ್ಸನ್ ಮತ್ತು ಜೋಸೆಫಾ ಪಾಂಡೆಯ್ರಾಡಾ ಅವರೊಡನೆ 2007ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದಾಗ, ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ, ಕನ್ನಡದಲ್ಲಿಯೇ ಮಾಡಿ ನೋಡಬಹುದು ಎನ್ನಿಸಿತು.

ಪ್ರಯೋಗದ ಕ್ರಮ ಸರಳವಾದದ್ದು. ಪರಿಚಯವಿಲ್ಲದ ನಾಡಿನ ಹುಲ್ಲುಗಾವಲೊಂದರಲ್ಲಿ ಕೈಯಲ್ಲಿ ಏನೂ ಇಲ್ಲದೆ ಸಿಕ್ಕಿಕೊಂಡಿದ್ದೀರಿ, ಮುಂದಿನ ಕೆಲವು ತಿಂಗಳು ಅನ್ನ ನೀರು ಹುಡುಕಿಕೊಳ್ಳಬೇಕು, ಕಾಡುಮೃಗಗಳಿಂದ ಜೀವ ಉಳಿಸಿಕೊಳ್ಳಬೇಕು ಎಂದು ಒಂದು ಗುಂಪಿಗೆ ಹೇಳಲಾಗುತ್ತದೆ. ಆಮೇಲೆ ಒಂದೊಂದೇ ಪದವನ್ನು ತೋರಿಸಿ, ಆ ವಸ್ತು ಅಲ್ಲಿ ಎಷ್ಟು ಉಪಯೋಗಕ್ಕೆ ಬಂದೀತು ಎಂಬುದಕ್ಕೆ 1ರಿಂದ 5ರವರೆಗೆ ಅಂಕ ಕೊಡಿಸಲಾಗುತ್ತದೆ. ಇನ್ನೊಂದು ಗುಂಪು ಅದೇ ಪದಗಳಿಗೆ, ಪರದೇಶದಲ್ಲಿ ಹೊಸ ಮನೆಗೆ ಸಾಮಾನು ಸಾಗಿಸುವ ಸಂದರ್ಭವನ್ನು ಕಲ್ಪಿಸಿಕೊಂಡು ಅಂಕ ಕೊಡುತ್ತದೆ. ನೆನಪಿನ ಪರೀಕ್ಷೆಯಿದೆ ಎಂಬ ಸುಳಿವು ಯಾರಿಗೂ ಇರುವುದಿಲ್ಲ. ಕೊನೆಗೆ ಖಾಲಿ ಹಾಳೆ ಕೊಟ್ಟು ನೆನಪಿರುವ ಪದಗಳನ್ನೆಲ್ಲ ಬರೆಯಿರಿ ಎಂದಾಗ, ಬದುಕುಳಿಯುವ ಯೋಚನೆ ಮಾಡಿದವರೇ ಹೆಚ್ಚು ಪದಗಳನ್ನು ಬರೆದಿದ್ದರು. ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಳ್ಳುವುದು, ಪದವನ್ನು ತನ್ನ ಜೀವನಕ್ಕೆ ಹೊಂದಿಸಿಕೊಳ್ಳುವುದು, ಕಲಿಯಲೇಬೇಕೆಂದು ಕುಳಿತು ಕಲಿಯುವುದು, ಇವೆಲ್ಲಕ್ಕಿಂತ ಈ ಯೋಚನೆಯ ಫಲವೇ ಮೇಲಾಗಿತ್ತೆಂದು ಅದೇ ತಂಡ 2008ರಲ್ಲಿ ತೋರಿಸಿತು.

ನನ್ನ ಮೊದಲ ಪ್ರಯತ್ನ ಕೆಟ್ಟುಹೋಯಿತು. ಪದಪಟ್ಟಿ ಮಾಡುವಾಗ ನಾನು ತಿಳಿಯದೆಯೇ ಹಗ್ಗ, ಚಾಕು, ಬೆಂಕಿಪೊಟ್ಟಣ, ಕಂಬಳಿ, ಬಿಂದಿಗೆ ಎಂದು ಕಾಡಿಗೆ ಹೊರಟವರ ಗಂಟನ್ನೇ ಕಟ್ಟಿಬಿಟ್ಟಿದ್ದೆ. ಸಂದರ್ಭಕ್ಕೆ ಒಪ್ಪುವ ಪದ ಯಾವ ಸಂದರ್ಭದಲ್ಲಾದರೂ ಚೆನ್ನಾಗಿ ನೆನಪಿರುತ್ತದೆ. ಹಾಗಿರುವಾಗ ನಾನು ಅಳೆದದ್ದು ಬದುಕುಳಿಯುವ ಯೋಚನೆಯ ಬಲವನ್ನೋ, ನನ್ನ ಪಟ್ಟಿಯ ಪಕ್ಷಪಾತವನ್ನೋ ಹೇಳುವಂತಿರಲಿಲ್ಲ. ಭಾಷೆಯೂ ತೊಡಕಾಯಿತು. ಹುಲ್ಲುಗಾವಲು ಎಂದೊಡನೆ ನನ್ನ ವಿದ್ಯಾರ್ಥಿಗಳ ಕಣ್ಣ ಮುಂದೆ ಬಂದದ್ದು ಮೇಯುವ ದನಗಳು. ಅದರಲ್ಲಿ ಅಪಾಯವೆಲ್ಲಿಂದ ಬರಬೇಕು? ಇತ್ತ ಮನೆ ಬದಲಾಯಿಸುವ ಗುಂಪಿನವರು, ಹಾಲುಕ್ಕಿಸಲು ಪಾತ್ರೆ ಯಾವುದು, ದೇವರ ಪಟ ಮೊದಲು ಹೋಗಬೇಕಲ್ಲವೇ ಎಂದು ತಮ್ಮ ಮನೆಗಳಲ್ಲಿ ಕಂಡದ್ದನ್ನೇ ನೆನೆಯುತ್ತಿದ್ದರು.

ಮುಂದಿನ ವರ್ಷ ಎಲ್ಲವನ್ನೂ ಹೊಸದಾಗಿ ಬರೆದೆ. ಬಾಚಣಿಗೆ, ಗಡಿಯಾರ, ಕುರ್ಚಿ, ಗುಂಡಿ, ಪರದೆ, ಪುಸ್ತಕ ಎಂದು ಎರಡು ಸಂದರ್ಭಗಳಿಗೂ ಅಷ್ಟಾಗಿ ನಂಟಿಲ್ಲದ 30 ಪದಗಳನ್ನು ಆರಿಸಿದೆ. ಒಂದೊಂದು ಪದಕ್ಕೆ 5 ಸೆಕೆಂಡು. ಹುಲ್ಲುಗಾವಲನ್ನು ವರ್ಣಿಸುವ ಸಾಲಿಗೆ ಆಳೆತ್ತರದ ಹುಲ್ಲು, ರಾತ್ರಿಯ ಕತ್ತಲೆ, ಹತ್ತಿರದಲ್ಲೆಲ್ಲೋ ಮೃಗದ ಸದ್ದು ಸೇರಿದವು. ಇಷ್ಟವಿಲ್ಲದವರು ಭಾಗವಹಿಸಬೇಕಿಲ್ಲ ಎಂದು ಮೊದಲೇ ಹೇಳಿದೆ, ಏಕೆಂದರೆ 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಂಥ ದಿನಗಳನ್ನು ಕಂಡುಬಂದ ಮಕ್ಕಳಿಗೆ ಇದು ಬರಿಯ ಕಲ್ಪನೆಯಾಗಿ ಉಳಿಯದಿರಬಹುದು. ಅಂಕ ಕೊಟ್ಟು ಮುಗಿದ ಮೇಲೆ ಎರಡು ನಿಮಿಷ ಸಂಖ್ಯೆಗಳನ್ನು ಹಿಂದುಮುಂದಾಗಿ ಹೇಳಿಸಿ, ಅನಂತರ ಖಾಲಿ ಹಾಳೆಗಳನ್ನು ಹಂಚಿದೆ.

ಹುಲ್ಲುಗಾವಲಿನ ಗುಂಪಿನ ಹಾಳೆಗಳೇ ಹೆಚ್ಚು ತುಂಬಿದ್ದವು. ಒಂದು ತರಗತಿಯ ಲೆಕ್ಕದಿಂದ ಏನನ್ನೂ ಸಾಧಿಸಿ ತೋರಿಸಲಾಗದು ಎಂಬುದು ನನಗೆ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಲೆಕ್ಕವಲ್ಲ, ಬಾಚಣಿಗೆಗೆ 4 ಅಂಕ ಕೊಟ್ಟಿದ್ದ ಒಬ್ಬಳ ಉತ್ತರ. ಕಾಡಿನಲ್ಲಿ ಬಾಚಣಿಗೆಯೇಕಮ್ಮ ಎಂದು ಕೇಳಿದೆ. ‘ಹಲ್ಲು ಮುರಿದರೆ ಮುಳ್ಳು ತೆಗೆಯಬಹುದು ಮೇಡಂ, ಕಾಯಿಗಳನ್ನು ಕೊಂಬೆಯಿಂದ ಬಾಚಿ ಬೀಳಿಸಬಹುದು, ನಾರು ಬಿಡಿಸಿ ಹುರಿ ಹೊಸೆಯಬಹುದು’ ಎಂದಳು. 5 ಸೆಕೆಂಡಿನೊಳಗೆ ಆ ಬಾಚಣಿಗೆಗೆ ಮೂರು ಉಪಯೋಗಗಳು ಹುಟ್ಟಿದ್ದವು. ಮನೆ ಸಾಗಿಸುವ ಗುಂಪಿನ ಹುಡುಗನೊಬ್ಬ ಅದೇ ಪದಕ್ಕೆ ಹೇಳಿದ್ದು ಇಷ್ಟೇ: ‘ಬ್ಯಾಗಿಗೆ ಹಾಕಿಕೊಂಡರಾಯಿತು.’

ನೆನಪಿಗೆ ಬಲ ಕೊಡುವುದು ಭಯವಲ್ಲ, ವಸ್ತುವಿನ ಸುತ್ತ ಹೀಗೆ ಹೆಣೆದುಕೊಳ್ಳುವ ಯೋಚನೆಗಳ ಎಳೆಗಳು ಎಂದು ನಾನು ನಂಬತೊಡಗಿದ್ದು ಆ ಉತ್ತರದಿಂದ. ಮೈಕೆ ಕ್ರೊನೈಸನ್ ಮತ್ತು ಎಡ್ಗರ್ ಎರ್ಡ್‌ಫೆಲ್ಡರ್ ಅವರ 2011ರ ಕೆಲಸವೂ ಇದಕ್ಕೆ ಒತ್ತು ಕೊಡುತ್ತದೆ: ಹುಲ್ಲುಗಾವಲಿನ ಸಂದರ್ಭವನ್ನು ಕುಡಿಯುವ ನೀರಿನ ಕೊರತೆಯೊಂದಕ್ಕೇ ಇಳಿಸಿದಾಗ, ಜೀವಕ್ಕೆ ಕುತ್ತು ಹಾಗೆಯೇ ಇದ್ದರೂ ನೆನಪಿನ ಮೇಲುಗೈ ಉಳಿಯಲಿಲ್ಲ. ಆದಿಮಾನವನ ಬಯಲಿಗೆ ಹೊಂದಿಕೊಂಡು ನಮ್ಮ ನೆನಪು ರೂಪುಗೊಂಡಿದೆ ಎಂಬ ನೈರ್ನ್ ಅವರ ವಿವರಣೆಯನ್ನು ನಾನು ತರಗತಿಯಲ್ಲಿ ಗೌರವದಿಂದಲೇ ಹೇಳುತ್ತೇನೆ. ಆದರೆ ಕಾಡುಮೃಗಗಳ ಜಾಗದಲ್ಲಿ ಎದ್ದು ನಡೆಯುವ ಹೆಣಗಳನ್ನು ಇಟ್ಟಾಗ ಪದಗಳು ಇನ್ನೂ ಚೆನ್ನಾಗಿ ನೆನಪಿದ್ದವು ಎಂಬ ಸೋಡರ್‌ಸ್ಟ್ರಾಮ್ ಮತ್ತು ಮೆಕೇಬ್ ಅವರ 2011ರ ಫಲಿತಾಂಶವನ್ನೂ ಅದರ ಪಕ್ಕದಲ್ಲಿಯೇ ಇಡುತ್ತೇನೆ. ನಮ್ಮ ಪೂರ್ವಜರು ಯಾರೂ ಅಂಥವನ್ನು ಎದುರಿಸಿರಲಿಲ್ಲವಲ್ಲ.

ಹಾಳೆಗಳನ್ನು ತಿದ್ದುವಾಗ ಇನ್ನೊಂದು ಸಂಗತಿ ಕಂಡಿತು. ಹುಲ್ಲುಗಾವಲಿನ ಗುಂಪಿನ ಇಬ್ಬರು ‘ಕೊಡಲಿ’ ಎಂದು ಬರೆದಿದ್ದರು. ನನ್ನ ಪಟ್ಟಿಯಲ್ಲಿ ಕೊಡಲಿಯೇ ಇರಲಿಲ್ಲ. ಬದುಕುಳಿಯುವ ಯೋಚನೆ ನಿಜವಾದ ನೆನಪಿನ ಜೊತೆಗೆ ಸುಳ್ಳು ನೆನಪನ್ನೂ ಹೆಚ್ಚಿಸುತ್ತದೆಂದು ಓಟ್ಗಾರ್ ಮತ್ತು ಸ್ಮೀಟ್ಸ್ 2010ರಲ್ಲಿ ತೋರಿಸಿದ್ದನ್ನು ನಾನು ಓದಿದ್ದೆ, ಆದರೆ ನನ್ನದೇ ಮೇಜಿನ ಮೇಲೆ ಅದನ್ನು ಕಾಣುವೆನೆಂದುಕೊಂಡಿರಲಿಲ್ಲ. ಅವರಲ್ಲಿ ಒಬ್ಬ, ನಾನು ಕೊಡಲಿ ಎಂದು ಓದಿದ್ದು ತನ್ನ ಕಿವಿಯಲ್ಲಿ ಇನ್ನೂ ಇದೆ ಎಂದು ವಾದಿಸಿದ. ಪಟ್ಟಿಯನ್ನು ಅವನ ಕೈಗೇ ಕೊಟ್ಟೆ. ಮೇಲಿನಿಂದ ಕೆಳಗೆ ಎರಡು ಸಲ ಓದಿ, ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದ.